ಮುಟ್ಟಿದರೂ ತಿಳಿಯದ ಫೋನು

ಆ ವರ್ಷ ಕುಂದಾಪುರದ ಒಂದು ಮೊಬೈಲ್ ಅಂಗಡಿಯಲ್ಲಿ ನನಗೆ ಒಂದು ಸ್ಟೂಲು, ಒಂದು ಗಾಜಿನ ಕೌಂಟರು ಮತ್ತು ಕಂಪನಿಯ ಹೆಸರಿದ್ದ ಟೀ ಶರ್ಟು ಇದ್ದವು. ಸಂಬಳ ಫೋನ್ ಕಂಪನಿಯದು, ಜಾಗ ಅಂಗಡಿಯವರದು. ಒಂದು ಕಾಲದಲ್ಲಿ ಜನ ಹೆಸರು ಹೇಳಿ ಕೇಳುತ್ತಿದ್ದ ಫೋನು ಅದು. ನಾನು ಸೇರುವ ಹೊತ್ತಿಗೆ ಗಿರಾಕಿಗಳು ನನ್ನ ಕೌಂಟರಿಗೆ ಬರುತ್ತಿದ್ದದ್ದು ಪಕ್ಕದ ಕೌಂಟರಿನಲ್ಲಿ ಮೊಣಕೈ ಊರಲು ಜಾಗ ಸಾಲದಾಗ ಮಾತ್ರ. ದೀಪಾವಳಿಯೊಳಗೆ ಹತ್ತು ಫೋನಾದರೂ ಹೋಗದಿದ್ದರೆ ಕಂಪನಿಯ ಬೋರ್ಡು ಇಳಿಸುತ್ತೇನೆ ಎಂದು ಅಂಗಡಿಯವರು ಹೇಳಿದ್ದರು. ಬೋರ್ಡಿನ ಜೊತೆ ನಾನೂ ಇಳಿಯಬೇಕಾಗಿತ್ತು.

ಕಂಪನಿ ಸುಮ್ಮನೆ ಕೂತಿರಲಿಲ್ಲ. ಮಂಗಳೂರಿನ ಹೋಟೆಲೊಂದಕ್ಕೆ ನಮ್ಮನ್ನು ಕರೆಸಿ, ಊಟಕ್ಕೆ ಮೊದಲು ಎರಡು ಗಂಟೆ ಎನ್‌ಎಫ್‌ಸಿ ಎಂಬ ಹೊಸ ಸೌಲಭ್ಯದ ಬಗ್ಗೆ ಹೇಳಿಕೊಟ್ಟರು. ಒಂದು ಸ್ಟಿಕ್ಕರಿನಲ್ಲಿ ನಂಬರೋ ವಿಳಾಸವೋ ತುಂಬಿಸಿಡುವುದು. ಫೋನಿನ ಬೆನ್ನನ್ನು ಅದಕ್ಕೆ ತಾಗಿಸಿದರೆ, ಅಥವಾ ನಾಲ್ಕು ಸೆಂಟಿಮೀಟರ್ ಹತ್ತಿರ ತಂದರೆ, ತಂತಿಯಿಲ್ಲದೆ ಅದು ಫೋನಿನ ಪರದೆಯ ಮೇಲೆ ಬರುತ್ತದೆ. ಈ ನಾಲ್ಕು ಸೆಂಟಿಮೀಟರೇ ಕಂಪನಿಯನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ ಎಂದರು ಕಲಿಸಲು ಬಂದವರು. ನಾನು ಆ ಮಾತನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಆ ಸಭೆಯಲ್ಲಿ ಗೆರೆ ಎಳೆದವನು ನಾನೊಬ್ಬನೇ ಇರಬೇಕು.

ಮೂರು ವಾರ ಸ್ಟಿಕ್ಕರಿಗೆ ಫೋನು ಮುಟ್ಟಿಸಿ ತೋರಿಸಿದೆ. ಎಲ್ಲರೂ ಲಾಯ್ಕಿತ್ ಎಂದು ಮೆಚ್ಚಿದರು, ಎಷ್ಟು ಸಿಮ್ ಹಾಕಬಹುದು ಎಂದು ಕೇಳಿದರು, ಪಕ್ಕದ ಕೌಂಟರಿಗೆ ಹೋದರು.

ಆಮೇಲೆ ಗಂಗೊಳ್ಳಿಯ ಐಸ್ ಪ್ಲಾಂಟಿನ ಧಣಿ ಬಂದರು. ಅವರಿಂದ ಖಾಯಂ ಐಸ್ ಒಯ್ಯುವ ಹತ್ತು ಮೀನಿನ ಬೋಟುಗಳಿದ್ದವು. ಹತ್ತೂ ಬೋಟುಗಳನ್ನು ನಡೆಸುವ ತಾಂಡೇಲರಿಗೆ ಹಬ್ಬಕ್ಕೆ ಒಂದೊಂದು ಫೋನು ಕೊಡುವ ಯೋಚನೆ ಅವರದು. ಹತ್ತು ಎಂಬ ಸಂಖ್ಯೆ ಕೇಳಿ ನಾನು ಸ್ಟೂಲಿನಿಂದ ಎದ್ದೆ. ಬೋಟಿನವರ ಕೈ ಯಾವಾಗಲೂ ಒದ್ದೆ, ಒದ್ದೆ ಬೆರಳಿಗೆ ಟಚ್ ಸ್ಕ್ರೀನಿನಲ್ಲಿ ನಂಬರು ಹುಡುಕುವುದು ಕಷ್ಟ, ಕ್ಯಾಬಿನ್ನಿನಲ್ಲಿ ಒಂದು ಸ್ಟಿಕ್ಕರ್ ಅಂಟಿಸಿದರೆ ಫೋನು ಮುಟ್ಟಿಸಿದ ಕೂಡಲೇ ನಿಮ್ಮ ನಂಬರು ಎದುರಿಗೆ ಬರುತ್ತದೆ ಎಂದೆ. ನನ್ನ ಜೀವನದಲ್ಲಿ ನಾನಾಗಿ ಯೋಚಿಸಿ ಹೇಳಿದ ವ್ಯಾಪಾರದ ಮಾತು ಅದೊಂದೇ. ನಾಳೆ ಸಮಯ ಮಾಡಿಕೊಂಡು ಬರುತ್ತೇನೆ, ಸರಿಯಾಗಿ ತೋರಿಸಿ ಎಂದು ಹೋದರು.

ಆ ಸಂಜೆ ಅಮ್ಮ ಕೊಕ್ಕರ್ಣೆ ಕಡೆಯ ಭಟ್ಟರೊಬ್ಬರಲ್ಲಿ ಬರೆಸಿ ತಂದ ಯಂತ್ರ ಕೊಟ್ಟರು. ಬೆಂಕಿಪೆಟ್ಟಿಗೆಯಷ್ಟು ಅಗಲದ ತೆಳು ತಾಮ್ರದ ತಗಡು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿಡು, ವ್ಯಾಪಾರ ಕುದುರುತ್ತದೆ ಎಂದರು. ನಾನು ಯೋಚಿಸಿದೆ. ಗಲ್ಲಾ ಅಂಗಡಿಯವರದು, ಅದಕ್ಕೇನೂ ಕಷ್ಟವಿಲ್ಲ. ಕಷ್ಟದಲ್ಲಿರುವುದು ಫೋನು. ಮದ್ದನ್ನು ರೋಗಿಗೇ ಕೊಡಬೇಕು. ಮರುದಿನ ಬೆಳಿಗ್ಗೆ, ಯಾರೂ ಬರುವ ಮೊದಲು, ಡೆಮೊ ಫೋನಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯ ಮೇಲೆ ತಗಡಿಟ್ಟು ಮುಚ್ಚಿದೆ. ಮತ್ತೆ ಅದನ್ನು ಮುಟ್ಟಲಿಲ್ಲ. ಒಮ್ಮೆ ಪರೀಕ್ಷಿಸಿ ನೋಡುವುದು ದೇವರನ್ನು ಅನುಮಾನಿಸಿದಂತೆ ಎಂದು ನನಗೆ ಅನ್ನಿಸಿತ್ತು.

ಐಸ್ ಪ್ಲಾಂಟಿನವರು ಹನ್ನೊಂದಕ್ಕೆ ಬಂದರು. ಹಿಂದಿನ ದಿನವೇ ಅವರ ನಂಬರು ತುಂಬಿಸಿಟ್ಟಿದ್ದ ಸ್ಟಿಕ್ಕರನ್ನು ಗಾಜಿನ ಮೇಲಿಟ್ಟು ಫೋನು ತಾಗಿಸಿದೆ. ಏನೂ ಬರಲಿಲ್ಲ. ಸ್ವಲ್ಪ ಎತ್ತಿ ಇಳಿಸಿದೆ. ಅಡ್ಡ ಹಿಡಿದೆ. ಉಜ್ಜಿದೆ. ಬೇರೆ ಸ್ಟಿಕ್ಕರ್ ತೆಗೆದೆ.

"ಎಂತ ಮಾರಾಯ್ರೆ, ಮುಟ್ಟುಕೆ ನಾಚ್ಕಿ ಆತ್ತಾ ಅದ್ಕೆ?" ಎಂದರು ಧಣಿ.

ಮಾರುವ ಪೆಟ್ಟಿಗೆಯೊಂದನ್ನು ಬಿಚ್ಚಿ ತೋರಿಸಲೇ ಎಂದು ಅಂಗಡಿಯವರ ಮುಖ ನೋಡಿದೆ. ಸೀಲ್ ಒಡೆಯಲು ಅವರು ಒಪ್ಪಲಿಲ್ಲ. ಧಣಿ ಇನ್ನೂ ಹತ್ತು ನಿಮಿಷ ಮರ್ಯಾದೆಗೆ ಕೂತರು. ಕೊಟ್ಟ ಸೋಡಾ ಪೂರ್ತಿ ಕುಡಿದು ಹೋದರು.

"ನಿನ್ನೆ ಸಮಾ ಇದ್ದಿತ್ತಲೆ, ಎಂತ ಮಾಡ್ದೆ?" ಎಂದು ಅಂಗಡಿಯವರು ಕೇಳಿದರು.

ಏನೂ ಮಾಡಲಿಲ್ಲ ಎಂದೆ. ಅವರು ಬ್ಯಾಟರಿ ತೆಗೆದು ಹಾಕಿ ನೋಡೋಣ ಎಂದು ಮುಚ್ಚಳ ಎತ್ತಿದರು. ತಗಡು ಗಾಜಿನ ಮೇಲೆ ಬಿತ್ತು. ಅವರು ಮೊದಲು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ನನಗೆ ಬೈದರು. ಬ್ಯಾಟರಿ ಹಾಕಿ ಮುಚ್ಚಳ ಒತ್ತಿ ಫೋನು ಚಾಲೂ ಮಾಡಿ ಸ್ಟಿಕ್ಕರಿಗೆ ತಾಗಿಸಿದರು. ಐಸ್ ಪ್ಲಾಂಟಿನ ನಂಬರು ತಟ್ಟನೆ ಬಂತು. ಲೋಹ ಅಡ್ಡ ಬಂದರೆ ಇದು ಕೆಲಸ ಮಾಡುವುದಿಲ್ಲ ಎಂದು ನನ್ನ ನೋಟ್‌ಬುಕ್ಕಿನಲ್ಲಿಯೇ ಇತ್ತು. ಅದರ ಕೆಳಗೆ ಗೆರೆ ಎಳೆದಿರಲಿಲ್ಲ.

ಎರಡು ದಿನ ಧೈರ್ಯ ಬರಲಿಲ್ಲ. ಮೂರನೆಯ ದಿನ ಗಂಗೊಳ್ಳಿಗೆ ಹೋದೆ. ಕುಂದಾಪುರದಲ್ಲಿ ನಿಂತರೆ ಹೊಳೆಯ ಆಚೆ ದಡದ ಗಂಗೊಳ್ಳಿ ಕಣ್ಣೆದುರೇ ಇದೆ, ಬಸ್ಸು ಮಾತ್ರ ತ್ರಾಸಿಯ ಕಡೆಯಿಂದ ಸುತ್ತಿ ಹೋಗುತ್ತದೆ. ದಾರಿಯುದ್ದಕ್ಕೂ ಸುಳ್ಳೊಂದನ್ನು ಹುಡುಕಿದೆ. ಸಿಗಲಿಲ್ಲ. ಐಸ್ ಪುಡಿ ಮಾಡುವ ಯಂತ್ರದ ಸದ್ದಿನ ನಡುವೆ, ಅವರ ಮರದ ಮೇಜಿನ ಮೇಲೆ ಸ್ಟಿಕ್ಕರಿಟ್ಟು ಫೋನು ತಾಗಿಸಿದೆ. ಕೆಲಸ ಮಾಡಿತು. ಅವತ್ತು ಯಾಕೆ ಮಾಡಲಿಲ್ಲ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ನಗಲಿಲ್ಲ. ಫೋನುಗಳನ್ನು ಬೈಂದೂರಿನ ಅಂಗಡಿಯೊಂದರಿಂದ ಆಗಲೇ ತರಿಸಿಯಾಗಿದೆ, ಬಟನ್ ಇರುವವು, ತಾಂಡೇಲರಿಗೆ ಅದೇ ಇಷ್ಟ ಎಂದರು. ಆಮೇಲೆ ತಗಡು ಎಲ್ಲಿದೆ ಎಂದು ಕೇಳಿದರು. ಅಂಗಡಿಯವರು ಇಟ್ಟುಕೊಳ್ಳಲು ಒಪ್ಪದೆ, ಎಸೆಯಲು ನನಗೆ ಹೆದರಿಕೆಯಾಗಿ, ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

"ಇಷ್ಟ್ ಸಣ್ಣ ತಗಡ್ ಕಂಪ್ನಿ ಫೋನನ್ನೇ ಕಟ್ಟಿ ಹಾಕ್ತ್ ಅಂದ್ರೆ ಸಾಮಾನ್ಯದ್ದಲ್ಲ. ಇದ್ ನಂಗೆ ಕೊಡ್ತ್ರಿಯಾ?"

ಇಲ್ಲ ಎನ್ನುವ ಸ್ಥಿತಿ ನನ್ನದಾಗಿರಲಿಲ್ಲ. ಅವರು ಕೈ ಒರೆಸಿಕೊಂಡು ಅದನ್ನು ತಮ್ಮ ಗಲ್ಲಾಪೆಟ್ಟಿಗೆಯ ತಳದಲ್ಲಿಟ್ಟರು. ನಾನು ಗಂಗೊಳ್ಳಿಗೆ ಒಯ್ದು ದಾಟಿಸಿದ ಸರಕು ಅದೊಂದೇ.

ದೀಪಾವಳಿ ಕಳೆದ ಮೇಲೆ ಬೋರ್ಡು ಇಳಿಯಿತು. ಏಣಿ ಹಿಡಿದುಕೊಂಡದ್ದು ನಾನೇ. ಮನೆಗೆ ಬಂದು ಕೆಲಸ ಹೋಯಿತು ಎಂದಾಗ ಅಮ್ಮನಿಗೆ ಮೊದಲು ಬಂದ ಅನುಮಾನ ನನ್ನ ಮೇಲೆಯೇ.

"ತಗಡ್ ಗಲ್ಲದಗೆ ಇಟ್ಟಿದ್ಯಲ್ದಾ?"

"ಗಲ್ಲದಗೇ ಇತ್" ಎಂದೆ. ಯಾರ ಗಲ್ಲಾಪೆಟ್ಟಿಗೆ ಎಂದು ಅವರು ಕೇಳಲಿಲ್ಲ.