ಎದೆಯೆತ್ತರದ ಮದರಂಗಿ ಬೇಲಿ

ನಮ್ಮ ಮನೆಯ ಮದರಂಗಿ ಬೇಲಿ ನನ್ನ ತಲೆಯನ್ನೂ ಮೀರಿ ಬೆಳೆದ ವರ್ಷ, ಅದನ್ನು ಬುಡಸಮೇತ ಕಿತ್ತು ಕಲ್ಲಿನ ಗೋಡೆ ನಿಲ್ಲಿಸಲು ನನ್ನ ಗಂಡ ಹೊರಟಿದ್ದರು. ತಾಂಡೂರಿನಲ್ಲಿ ಕಲ್ಲಿಗೇನು ಬರ. ಅವರ ನೌಕರಿಯೇ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ. ಒಂದು ಸಂಜೆ ಟ್ರ್ಯಾಕ್ಟರಿನಲ್ಲಿ ಫರ್ಸಿ ಬಂದಿಳಿದು ಬೇವಿನ ಮರಕ್ಕೆ ಒರಗಿ ನಿಂತವು. ಆಳೆತ್ತರದ ಹಾಸುಗಲ್ಲುಗಳು. ಸಾಲಾಗಿ ಹುಗಿದರೆ ಒಂದೇ ದಿನದಲ್ಲಿ ಗೋಡೆ.

ಬೇಲಿ ಕತ್ತರಿಸುತ್ತಿದ್ದವಳು ನಾನು. ಉದ್ದ ಹಿಡಿಯ ದೊಡ್ಡ ಕತ್ತರಿ ಆಡಿಸಿ ಆಡಿಸಿ ಬಲಭುಜ ಬಿಗಿದುಕೊಂಡಿತ್ತು. ತುರುಬು ಕಟ್ಟಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಳು ಹಚ್ಚೋಣವೆಂದರೆ ನನಗೆ ಯಾರ ಕೆಲಸವೂ ಹಿಡಿಸುವುದಿಲ್ಲ. ನನ್ನ ಈ ಗುಣ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ನಿನ್ನ ನರಳಾಟ ಕೇಳಾಕ ಆಗಂಗಿಲ್ಲ ನನಗ," ಅಂದರು ಅವರು. "ಬೇಲಿನೇ ಇಲ್ಲಂದ್ರ ಕತ್ತರಿನೂ ಬ್ಯಾಡ."

ಆದರೆ ಆ ಬೇಲಿಯ ಆಚೆ ಪಕ್ಕದ ಮನೆಯ ಅಕ್ಕ ಇದ್ದರು. ಅವರ ಬಾಗಿಲು ಇನ್ನೊಂದು ಗಲ್ಲಿಗೆ ತೆರೆಯುತ್ತದೆ. ಅವರ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಅಕ್ಕ ಎಲ್ಲಿಗೂ ಹೋಗುವಂತಿರಲಿಲ್ಲ. ಅತ್ತೆಗೆ ಜೋಂಪು ಹತ್ತಿದಾಗ ಬೇಲಿಯ ಹತ್ತಿರ ಬಂದು ನಿಲ್ಲುವುದೇ ಅವರ ಪೇಟೆ, ತವರುಮನೆ, ಎಲ್ಲ. ಮೊದಲು ಮುಖ ನೋಡಿಕೊಂಡು ಮಾತಾಡುತ್ತಿದ್ದೆವು. ಬೇಲಿ ಬೆಳೆದ ಮೇಲೆ ಎಲೆಗಳ ಸಂದಿಯಿಂದ ದನಿ ಮಾತ್ರ ಬರುತ್ತಿತ್ತು. ಗೋಡೆಯೆದ್ದರೆ ಅದೂ ಇಲ್ಲ. ನನಗೆ ಇದನ್ನು ನೆನೆಸಿಕೊಂಡರೇ ಸಂಕಟವಾಗುತ್ತಿತ್ತು.

ಹಟ ಹಿಡಿದೆ. ಕೊನೆಗೆ ಅವರು ಒಂದು ಷರತ್ತು ಹಾಕಿದರು. "ಆತು. ಭುಜ ನೋಯಲಾರದಂಗ ನೀನೇ ಕತ್ತರಿಸಿ ತೋರಸು, ಬೇಲಿ ಇರ್ಲಿ. ಇಲ್ಲಂದ್ರ ಬರೋ ಐತವಾರ ಗ್ವಾಡಿ ಕಟ್ಟಾಕ ಗೌಂಡಿ ಬರ್ತಾನ." ಹೀಗೆಂದವರೇ ಮರುದಿನ, ಜಹೀರಾಬಾದಿನ ಅಂಗಡಿಯೊಂದಕ್ಕೆ ಬೇಲಿ ಕತ್ತರಿಸುವ ಬ್ಯಾಟರಿ ಮಷೀನು ಬಂದಿವೆಯಂತೆ ಎಂದು ಕಾರ್ಖಾನೆಯಿಂದ ಸುದ್ದಿ ತಂದರು. ಅವರ ಹಟ ಯಾವಾಗಲೂ ಇಷ್ಟೇ ಗಟ್ಟಿ.

ಕತ್ತರಿಸಿ ನೋಡದೆ ಮಷೀನು ಕೊಳ್ಳುವವಳಲ್ಲ ನಾನು. ಗುರುವಾರ ಬೆಳಿಗ್ಗೆ ನಮ್ಮದೇ ಬೇಲಿಯ ಒಂದು ಹೊರೆ ಕೊಂಬೆ ಮುರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪ್ರತ್ಯೇಕ ತೆಲಂಗಾಣಕ್ಕಾಗಿ ಇವತ್ತು ಬಂದ್, ನಾಳೆ ರಾಸ್ತಾ ರೋಕೋ ಎನ್ನುವ ದಿನಗಳವು. ಜಹೀರಾಬಾದು ಇನ್ನೇನು ಬಂತು ಅನ್ನುವಾಗ ಬಸ್ಸು ನಿಂತಿತು. ಮುಂದೆ ರಸ್ತೆಯ ನಡುವೆಯೇ ಒಲೆ ಹೂಡಿ ಚಳವಳಿಯ ಜನ ಅಡುಗೆಗೆ ಕೂತಿದ್ದರು. ಅನ್ನ ಬೆಂದು, ಎಲ್ಲರೂ ಉಂಡು ಏಳುವ ತನಕ ದಾರಿ ಬಿಡುವುದಿಲ್ಲವೆಂದು ಕಂಡಕ್ಟರು ಹೇಳಿ ತಾನೂ ಊಟಕ್ಕೆ ಇಳಿದ.

ಹೆಣ್ಣುಮಕ್ಕಳ ಹೂವಿನ ಹಬ್ಬ ಬತುಕಮ್ಮ ಹತ್ತಿರ ಬಂದಿತ್ತು. ನನ್ನ ಪಕ್ಕ ಕೂತ ಹೆಂಗಸು ಗಂಟಿನ ವಾಸನೆ ಹಿಡಿದೇಬಿಟ್ಟಳು. "ಗೋರಂಟಿ ಏನ್ರಿ? ಒಂದು ಹಿಡಿ ಕೊಡ್ರಿ, ಮಗಳ ಕೈಗಿ." ಕೊಟ್ಟೆ. ಹಿಂದಿನ ಸೀಟಿನವರು ಕೇಳಿದರು. ಮುದುಕಿಯೊಬ್ಬರು ಕೇಳದೆಯೇ ಸೆರಗು ಒಡ್ಡಿದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅಷ್ಟೂ ಹೆಂಗಸರು ಕೂತು ಎಳೆ ತುದಿಗಳನ್ನು ಮುರಿದುಕೊಂಡು ಎಲೆ ಬಿಡಿಸಿದರು. ಅಷ್ಟರಲ್ಲಿ ಕೆಳಗಿನವರು ನಮ್ಮನ್ನೂ ಇಳಿಸಿಕೊಂಡು ಬಿಸಿ ಅನ್ನ, ಬೇಳೆಯ ಪಪ್ಪು ಬಡಿಸಿದರು. ಹೊಟ್ಟೆ ತುಂಬ ಉಂಡೆ, ಚೆನ್ನಾಗಿತ್ತು. ಬಸ್ಸು ಹೊರಟಾಗ ನನ್ನ ಗಂಟಿನಲ್ಲಿ ಬರೀ ಬೋಳು ಕಟ್ಟಿಗೆ ಉಳಿದಿತ್ತು.

ಅಂಗಡಿಯಲ್ಲಿ ಕರೆಂಟು ಇರಲಿಲ್ಲ. ಅಂಗಡಿಯವರು ಗಡ್ಡಕ್ಕೆ ಬಣ್ಣ ಹಚ್ಚಿದ ಹಿರಿಯರು, ಸಮಾಧಾನದ ಮನುಷ್ಯ. ಮೊದಲು ವೈರಿನ ಮಷೀನು ಎತ್ತಿಟ್ಟರು. "ಇದು ಸಸ್ತಾ ಅದರಿ ಅಕ್ಕಾರ. ಖರೇ ಅಂದ್ರ ಈಗ ನಡಸಿ ತೋರಸಾಕ ಆಗಲ್ಲ." ನಾನು ನಕ್ಕೆ, ಅವರೂ ನಕ್ಕರು. ವೈರಿನ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಬ್ಯಾಟರಿಯವು ಮೂರು ಇದ್ದವು. ಮೊದಲನೆಯದರ ಅಲಗು ನನ್ನ ತೋಳಿಗಿಂತ ಉದ್ದ. ಅವರು ಹೊಗಳಿದ್ದೇ ಹೊಗಳಿದ್ದು. ನಾನು ಅದನ್ನು ಬೇಲಿಯ ಎತ್ತರಕ್ಕೆ ಹಿಡಿದು ಸುಮ್ಮನೆ ನಿಂತೆ. ಭುಜ ಕೂಡಲೇ ಕೂಗಿಕೊಂಡಿತು. ಎರಡನೆಯದು ರೊಟ್ಟಿಯ ಹಂಚಿನಷ್ಟು ಹಗುರ, ಒಂದೇ ಕೈಯಲ್ಲಿ ಆಡುತ್ತಿತ್ತು. ನನಗೆ ಅದರ ಮೇಲೆ ಮನಸ್ಸು ಬಂತು. ಗಂಟು ಬಿಚ್ಚಿದೆ.

ಅವರು ಕಟ್ಟಿಗೆ ನೋಡಿ, "ಎಲಿ ಎಲ್ಲಿ ಹೋದುವ್ರಿ?" ಅಂದರು.

"ಬಸ್ಸಿನಾಗಿನ ಹೆಣ್ಣುಮಕ್ಕಳ ಕೈಗಿ ಹೋದುವ್ರಿ," ಅಂದೆ.

ಒಂದು ಕಟ್ಟಿಗೆಯನ್ನು ಅವರು ಅಡ್ಡ ಹಿಡಿದರು, ನಾನು ಮಷೀನು ಒತ್ತಿದೆ. ಬಲಿತ ಮದರಂಗಿ ಕಟ್ಟಿಗೆ ಅದರ ಪುಟ್ಟ ಹಲ್ಲುಗಳ ಸಂದಿಗೇ ಹೋಗಲಿಲ್ಲ. ಮತ್ತೊಂದು ಕಟ್ಟಿಗೆ ಸಿಕ್ಕಿಕೊಂಡು ಮಷೀನು ಗುರ್ ಎಂದು ನಿಂತೇಹೋಯಿತು. ಎಲೆಯಿದ್ದ ತುದಿಗಳು ಗಂಟಿನಲ್ಲಿ ಉಳಿದಿದ್ದರೆ ಅದು ಚಕಚಕನೆ ಕತ್ತರಿಸಿ ನನ್ನನ್ನು ಮರುಳು ಮಾಡುತ್ತಿತ್ತು. ಆ ಸೆರಗೊಡ್ಡಿದ ಮುದುಕಿಯನ್ನು ಈಗಲೂ ನೆನೆಯುತ್ತೇನೆ.

ಮೂರನೆಯದು ನಡುತರದ್ದು. ಹಲ್ಲುಗಳ ನಡುವೆ ಬೆರಳು ಹೋಗುವಷ್ಟು ಸಂದಿ ಇತ್ತು. ಮುಂದೆ ಬಳೆಯಂಥ ಇನ್ನೊಂದು ಹಿಡಿಯಿತ್ತು. ಎರಡೂ ಕೈಗಳಿಂದ ಎರಡೂ ಗುಂಡಿ ಒತ್ತದಿದ್ದರೆ ಅಲಗು ಅಲುಗುವುದಿಲ್ಲ. ನನಗೆ ಬೇಕಾದದ್ದೇ ಅದು, ಏಕೆಂದರೆ ಭಾರವೆಲ್ಲ ಎಡಗೈಗೆ ಬಿತ್ತು, ಬಲಗೈ ಬರೀ ಜೊತೆಗಿತ್ತು. ಕಟ್ಟಿಗೆಗಳು ಟಕಟಕನೆ ಬಿದ್ದವು. ಅದನ್ನೇ ಕಟ್ಟಿಸಿಕೊಂಡೆ.

ಶನಿವಾರ ಶುರು ಮಾಡಿದೆ. ಕರೆಂಟು ಬಂದಾಗ ಚಾರ್ಜಿಗೆ ಹಾಕುವುದು, ಹೋದಾಗ ಕತ್ತರಿಸುವುದು. ಐತವಾರ ಬೆಳಿಗ್ಗೆ ಕೊನೆಯ ಮೂಲೆ ಮುಗಿಸುವಾಗ ನನ್ನ ಗಂಡ ಕಟ್ಟೆಯ ಮೇಲೆ ಬಹಳ ಹೊತ್ತಿನಿಂದ ಪೇಪರಿನ ಒಂದೇ ಪುಟವನ್ನು ಓದುತ್ತಿದ್ದರು. ಮಷೀನು ಇಟ್ಟು, ಅವರ ಎದುರಿಗೇ ಕೈ ಎತ್ತಿ ಬಿಚ್ಚಿದ ತುರುಬು ಬಿಗಿದುಕೊಂಡೆ. ಬಿಗಿದದ್ದು ಎಡಗೈಯಿಂದ. ಅವರು ಅದನ್ನು ನೋಡಲಿಲ್ಲವೋ, ನೋಡಿಯೂ ಸುಮ್ಮನಾದರೋ, ಇಂದಿಗೂ ಕೇಳಿಲ್ಲ.

ಆಚೆಯಿಂದ ಅಕ್ಕನ ದನಿ ಬಂತು. ತಿರುಗಿ ನೋಡಿದರೆ ಅವರ ಹಣೆ, ಕುಂಕುಮ, ಎರಡು ಕಣ್ಣು ಮಾತ್ರ ಕಂಡವು. ನಾನು ಕತ್ತರಿಸಿದ್ದು ನನ್ನ ಎದೆಯೆತ್ತರಕ್ಕೆ, ಅಕ್ಕ ಗಿಡ್ಡ. ಮೊದಲೆಲ್ಲ ಅವರ ಗಲ್ಲದ ಅಳತೆಗೆ ಕತ್ತರಿಸುತ್ತಿದ್ದೆ. ಈಗ ಅಷ್ಟು ಕೆಳಗೆ ಹೆಬ್ಬೆರಳು ದಪ್ಪದ ಕಟ್ಟಿಗೆ, ಮಷೀನಿಗೆ ಬಗ್ಗುವಂಥದ್ದಲ್ಲ. ಇಷ್ಟೆಲ್ಲ ಮಾಡಿ ಹೀಗಾಯಿತಲ್ಲ ಎಂದು ನನ್ನ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಗೋಡೆ ಕಟ್ಟಲು ಗೌಂಡಿ ಬಂದ. ನನ್ನ ಗಂಡ ನನ್ನನ್ನು ನೋಡಿದರು, ಬೇಲಿಯನ್ನು ನೋಡಿದರು, ಪೇಪರು ಮಡಚಿದರು. "ಒಂದು ಫರ್ಸಿ ತುಂಡು ಮಾಡಪಾ," ಅಂದರು ಅವನಿಗೆ. ಇಬ್ಬರೂ ಆ ತುಂಡುಗಳನ್ನು ಹೊತ್ತುಕೊಂಡು ಹಿಂದಿನ ಗಲ್ಲಿ ಸುತ್ತಿ ಅಕ್ಕನ ಹಿತ್ತಲಿಗೆ ಹೋದರು. ಕಲ್ಲು ಕುಟ್ಟುವ ಸದ್ದು ಕೇಳಿತು. ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಬೇಲಿಯ ಬುಡದಲ್ಲಿ ಅಲುಗಾಡದಂತೆ ಮೆಟ್ಟಿಲು ಕೂರಿಸಿದ್ದರು.

ಅಕ್ಕ ಸೀರೆ ಎತ್ತಿ ಹಿಡಿದು ಅದರ ಮೇಲೆ ಹತ್ತಿ ನಿಂತರು. ಭುಜದ ತನಕ ಕಂಡರು. ನನ್ನನ್ನು ಚೆನ್ನಾಗಿ ನೋಡಿ, "ಬಡವಾಗೀಯಲ್ಲ ತಂಗಿ, ದನ್ಯಾಗ ಗೊತ್ತೇ ಆಗಿದ್ದಿಲ್ಲ," ಅಂದರು.