ಬಾಗಿಲು ತಟ್ಟಿದ ದಿನ

ನಮ್ಮ ಬೀದಿಯಲ್ಲಿ ಜಮಖಾನೆ ನೇಯುವ ಇತ್ತೋ ಎಂಬವಳು ಯಾರನ್ನೂ ಪೂರ್ತಿ ನಂಬಿದವಳಲ್ಲ. ಹಾಲು ತಂದವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದಳು. ಅಟ್ಲಾಸ್ ಬೆಟ್ಟದ ಅವಳ ಹಳ್ಳಿಯಲ್ಲಿ ಎಲ್ಲರ ಮದುವೆಯಂತೆ ಅವಳದೂ ಕಾಗದವಿಲ್ಲದೆ ಆಗಿತ್ತು. ಹಿರಿಯರು ಕೈಯೆತ್ತಿ ಫಾತಿಹಾ ಪ್ರಾರ್ಥನೆ ಓದಿದರು, ಊರು ಕುಸ್ಕುಸ್ ಉಂಡಿತು, ಅಷ್ಟೆ. ಗಂಡ ಮೋಹಾ ತೀರಿಕೊಂಡ ಮೇಲೆ, ಮಗಳು ತೂದಾಳಿಗೆ ತಂದೆಯ ಹೆಸರು ಬರೆಯಲಾಗದು ಎಂದರು ಕಚೇರಿಯವರು.

ಹೊಸ ಕುಟುಂಬ ಕಾನೂನು ಇಂಥ ಮದುವೆಗಳನ್ನು ಕೋರ್ಟಿನಲ್ಲಿ ರುಜುವಾತು ಮಾಡಲು ಕೆಲವು ವರ್ಷಗಳ ಗಡುವು ಕೊಟ್ಟಿತ್ತು. ಅದು ಬಲೆಯೆಂದುಕೊಂಡು ಇತ್ತೋ ಕೊನೆಯವರೆಗೂ ಅತ್ತ ಸುಳಿಯಲಿಲ್ಲ. ಗಡುವು ಮುಗಿಯುವ ವಾರ ನಾನೇ ಎಳೆದೊಯ್ದು ಅರ್ಜಿ ಹಾಕಿಸಿದೆ. ವಿಚಾರಣೆಗೆ ಕರೆ ಬರುವಷ್ಟರಲ್ಲಿ ಗಡುವು ದಾಟಿತ್ತು.

ಕೋರ್ಟಿನ ಹೊರಗೆ ಅವಳ ಮೈದುನ ಬಾಸ್ಸು ಕೂತಿದ್ದ.

“ನೋಡೇ, ಅಣ್ಣನ ಹೊಲ ನುಂಗೋಕೆ ಬಂದಿದಾನೆ. ತಡ ಮಾಡ್ಸಿದ್ದೂ ಇವನೇ,” ಎಂದಳು ಇತ್ತೋ ನನ್ನ ಕಿವಿಯಲ್ಲಿ.

“ಸುಮ್ನಿರೇ, ಅಲ್ಲಾಹ್ ನೋಡ್ತಿರ್ತಾನೆ.”

“ನೋಡ್ಲಿ. ನಾನೂ ನೋಡ್ತಿರ್ತೀನಿ.”

ಒಳಗೆ ಸರ್ಕಾರದ ವಕೀಲ, “ಗಡುವು ಮುಗೀತು, ಇದನ್ನ ಕೇಳೋ ಹಾಗೇ ಇಲ್ಲ” ಎಂದ.

ನ್ಯಾಯಾಧೀಶೆ ಅರ್ಜಿಯ ಮೇಲಿನ ಮುದ್ರೆ ನೋಡಿದರು. “ಗಡುವು ಇರೋದು ಇವರು ಬಂದು ಕೇಳೋದಕ್ಕೆ, ನಾವು ತೀರ್ಪು ಕೊಡೋದಕ್ಕಲ್ಲ. ಇವರು ಬಾಗಿಲು ತಟ್ಟಿದ ದಿನವೇ ಲೆಕ್ಕ. ತೆಗೆಯೋಕೆ ತಡ ಮಾಡಿದ್ದು ನಾವು.” ಆಮೇಲೆ ಇತ್ತೋ ಕಡೆ ತಿರುಗಿದರು. “ಮದುವೆ ನೋಡಿದವರು ಯಾರಿದಾರಮ್ಮ? ಮದುವೆ ಊಟಕ್ಕೆ ಕುರಿ ಕೊಯ್ದವರು ಯಾರು?”

ಇತ್ತೋ ಬಾಗಿಲ ಕಡೆ ನೋಡಿದಳು. ಫಾತಿಹಾ ಓದಿದವರೆಲ್ಲ ಮಣ್ಣು ಸೇರಿದ್ದರು. ಕುರಿ ಕೊಯ್ದವನು ಹೊರಗೆ ಕೂತಿದ್ದ. ಕರೆದರೆ ಮದುವೆಯೇ ಆಗಿಲ್ಲ ಎಂದುಬಿಟ್ಟಾನು; ಕರೆಯದಿದ್ದರೆ ಮಗಳಿಗೆ ತಂದೆಯಿಲ್ಲ.

“ಬಾಸ್ಸು,” ಎಂದಳು, ಹಲ್ಲು ಕೀಳಿಸಿಕೊಂಡವಳಂತೆ.

ಅವನು ಬಂದು ಆಣೆಯಿಟ್ಟ. “ಕೊಯ್ದಿದ್ದು ನಾನೇ, ಅಮ್ಮಾ. ನಮ್ಮಣ್ಣನ ಮದುವೆ. ಈ ಅತ್ತಿಗೆ ಮದುಮಗಳಾಗಿ ಕೂತ್ಕೊಂಡೇ ಮಾಂಸ ಕದ್ದೆ ಅಂತ ನನ್ನನ್ನ ಬೈದಿದ್ಲು.”

“ನೀನು ಕದ್ದಿದ್ದೆ!” ಎಂದಳು ಇತ್ತೋ. ನ್ಯಾಯಾಧೀಶೆ ನಗು ತಡೆಯುತ್ತಲೇ ಬರೆದುಕೊಂಡರು.

ಕಾಗದ ಕೈಸೇರಿದ ದಿನ ತೂದಾ ಓದಿದಳು: “ತಂದೆ, ಮೋಹಾ.” ಇತ್ತೋ ಅದನ್ನು ಕಿತ್ತುಕೊಂಡು ನನ್ನ ಕೈಗಿಟ್ಟಳು. “ನೀನು ಓದೇ. ಅವಳು ಮಗಳು, ನನಗೆ ಖುಷಿಯಾಗ್ಲಿ ಅಂತ ಹೇಳ್ತಿರಬಹುದು.”

ನಾನೂ ಅದನ್ನೇ ಓದಿದೆ. ಇನ್ನೊಮ್ಮೆ ಓದು ಎಂದಳು.