ಹಲೋ ಅಕ್ಕ ಹುಡುಕಿಕೊಂಡ ಮನೆ

ಅವಳನ್ನು ಬೀದಿಯವರೆಲ್ಲ ಹಲೋ ಅಕ್ಕ ಅಂತಲೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರೂರಿಗೆ ಸಂಪರ್ಕ ಕೊಡುವ ಕೆಲಸ ಅವಳದು. ಯಾರಾದರೂ ಬಾಗಿಲು ತಟ್ಟಿದರೂ ಒಳಗಿನಿಂದ "ಹಲೋ" ಅನ್ನುವಳು. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ "ಹೋಲ್ಡ್ ಮಾಡಿ" ಅನ್ನುತ್ತಾಳೆಂದು ಅವಳ ತಾಯಿ ನೆಂಟರ ಮುಂದೆ ಹೇಳಿ ನಗಿಸುತ್ತಿದ್ದಳು.

ತಾಯಿ ಮಗಳು ಇದ್ದದ್ದು ಡಬ್ಬ, ಬಕೆಟ್ಟು ಮಾಡುವ ತಗಡಿನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಬೆಳಕು ಹರಿದರೆ ಸುತ್ತಿಗೆಯ ಸದ್ದು ಶುರು. ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕಾದ ಆ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಕೆಲಸಕ್ಕೆ ಹೋದರೆ ಅಲ್ಲಿ ಮಾತಿನ ಸಂತೆ. ಸಾಲಾಗಿ ಕೂತ ಹೆಂಗಸರು, ಎದುರಿನ ಬೋರ್ಡಿನಲ್ಲಿ ಮಿಣುಕುವ ದೀಪಗಳು, ತೂತಿನಿಂದ ತೂತಿಗೆ ಚುಚ್ಚುವ ತಂತಿಗಳು. ಹೆರಿಗೆ, ಸಾವು, ಗಂಡ ಹೆಂಡಿರ ಮುನಿಸು, ಎಲ್ಲವೂ ಅವಳ ಕಿವಿಯನ್ನು ಹಾದೇ ಹೋಗಬೇಕು. ಪಕ್ಕದ ಕುರ್ಚಿಯಲ್ಲಿದ್ದ ಗೆಳತಿ ತಮ್ಮನ್ನು ಬೈದ ಗಿರಾಕಿಗಳ ದನಿಯನ್ನು ಬಿಡುವು ಸಿಕ್ಕಾಗ ಅಣಕಿಸುತ್ತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಆಮೇಲೆ ಯಂತ್ರ ಬಂತು. ಗುಂಡಿ ಒತ್ತಿದರೆ ತಾನೇ ಸಂಪರ್ಕ ಆಗುವಾಗ ನಡುವೆ ಮನುಷ್ಯರು ಯಾಕೆ? ಹಲೋ ಅಕ್ಕನನ್ನು ಕಡತಗಳ ಕೋಣೆಗೆ ಹಾಕಿದರು. ಅಲ್ಲಿಂದಲೇ ನಿವೃತ್ತಿಯೂ ಆಯಿತು. ಮರುವರ್ಷ ತಾಯಿ ತೀರಿಕೊಂಡಳು. ಆ ಹೊತ್ತಿಗೆ ಅವಳ ಕಿವಿಯೊಳಗೆ ಒಂದು ಜೀರುಂಡೆ ಮನೆ ಮಾಡಿತ್ತು. ಬೇರೆ ಯಾರಿಗೂ ಕೇಳದ ಸದ್ದು, ಜೀ ಎಂದು ಹಗಲೂ ರಾತ್ರಿ ಒಂದೇ ಸಮ. ರಕ್ತದೊತ್ತಡವೂ ಏರಿತು.

"ಸದ್ದುಗದ್ದಲ ಇಲ್ಲದ ಕಡೆ ಮನೆ ಮಾಡಿ, ತಾನಾಗೇ ಸುಧಾರಿಸುತ್ತೆ" ಅಂದರು ಡಾಕ್ಟರು.

ಮನೆ ಹುಡುಕಲು ಜೊತೆಗೆ ಬಂದವನು ಬೇರೆ ಸಂಸಾರ ಹೂಡಿದ್ದ ತಮ್ಮ. ಅವನು ಬಸ್ ಡ್ರೈವರು. ಬಾಯಿ ಮುಚ್ಚಿ ಕೂತರೆ ಅವನಿಗೆ ಊಟ ಜೀರ್ಣವಾಗದು. ಒಂದು ಮನೆಯ ಹಿಂದೆ ಗ್ಯಾರೇಜು, ಇನ್ನೊಂದರ ಒಡತಿಗೆ ಗೋಡೆಗೆ ಕಿವಿ ಇಡುವ ಚಾಳಿ. ಕೊನೆಗೆ ಊರಾಚೆ ಒಂದು ಮನೆ ಸಿಕ್ಕಿತು. ದಪ್ಪ ಗೋಡೆ, ಎರಡು ಪದರದ ಗಾಜಿನ ಕಿಟಕಿ, ಸುತ್ತ ಬಯಲು.

"ಸೂಜಿ ಬಿದ್ರೂ ಕೇಳಿಸುತ್ತೆ ಇಲ್ಲಿ" ಅಂದ ಮಾಲೀಕ.

"ಅಕ್ಕ, ಇದೇ ಮುಗಿಸಿಬಿಡೋಣ. ನಾನು ಮಾತಾಡಿದ್ದೇ ನನಗೆ ಎರಡು ಸಲ ಕೇಳ್ತಿದೆ" ಅಂದ ತಮ್ಮ.

"ನಿನ್ನ ಮಾತು ಒಂದು ಸಲ ಕೇಳಿದರೇ ಹೆಚ್ಚು" ಅಂದಳು ಅಕ್ಕ. ಆದರೂ ಮನೆ ಹಿಡಿದಳು.

ಮೊದಲ ವಾರ ಸ್ವರ್ಗ. ಆಮೇಲೆ ಜೀರುಂಡೆ ಗಂಟಲು ಬಿಚ್ಚಿತು. ಅದನ್ನು ಮುಚ್ಚಿಹಾಕಲು ಬೇರೆ ಸದ್ದೇ ಇಲ್ಲ! ಕೂತರೆ ಜೀ, ನಿಂತರೆ ಜೀ. ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದೂ ಬೇಸರವಾಯಿತು. ಒಂದು ದಿನ ಹಾಲು ಉಕ್ಕಿದಾಗ "ಅಮ್ಮಾ, ಒಲೆ ಆರಿಸು" ಎಂದು ತಾನೇ ಕೂಗಿಬಿಟ್ಟಳು. ತನ್ನ ದನಿ ಖಾಲಿ ಕೋಣೆಯಲ್ಲಿ ಸುತ್ತಿ ವಾಪಸು ಬಂದಾಗ ನೆಲದ ಮೇಲೆ ಕೂತು ಅತ್ತಳು. ತಾಯಿ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಮರುದಿನ ಬಸ್ಸು ಹತ್ತಿ ಹಳೇ ಬೀದಿಗೆ ಹೋದಳು. ಮೇಲಿನ ಕೋಣೆಗಳಲ್ಲಿ ಈಗ ಯಾರದೋ ಗೋದಾಮು. ಕೆಳಗೆ ತಗಡಿನ ಅಂಗಡಿ ಮಾತ್ರ ಇನ್ನೂ ಜೀವ ಹಿಡಿದುಕೊಂಡಿತ್ತು. ಮುದುಕನಾಗಿದ್ದ ಅಂಗಡಿಯವನು "ಬನ್ನಿ ಬನ್ನಿ ಹಲೋ ಅಕ್ಕ" ಎಂದು ಬೆಂಚು ಒರೆಸಿ ಕೂರಿಸಿ, ಟೀ ತರಿಸಿ, ಅರ್ಧಕ್ಕೆ ನಿಂತಿದ್ದ ಬಕೆಟ್ಟನ್ನು ಮತ್ತೆ ಬಡಿಯತೊಡಗಿದ. ಟಣ್ ಟಣ್. ಅವಳು ಗೋಡೆಗೆ ಒರಗಿದಳು. ಎಚ್ಚರವಾದಾಗ ಟೀ ಆರಿ ತಣ್ಣಗಾಗಿತ್ತು.

"ಒಳ್ಳೇ ನಿದ್ದೆ ಹೊಡೆದ್ರಿ. ಹೊಸ ಮನೇಲಿ ಮಂಚ ಇಲ್ವಾ?" ಎಂದು ಅವನು ನಕ್ಕ.

"ಮಂಚ ಇದೆ, ನಿದ್ದೇನೇ ಇಲ್ಲ" ಅಂದಳು.

ಆ ಬೀದಿಗೇ ಮರಳಲು ಆಗುತ್ತಿರಲಿಲ್ಲ. ಆ ಮೆಟ್ಟಿಲು ಹತ್ತಲು ಈಗ ಮಂಡಿಯೂ ಒಪ್ಪದು. ಆದರೆ ತಾನು ಏನನ್ನು ಹುಡುಕಬೇಕೆಂದು ಅವಳಿಗೆ ತಿಳಿದಿತ್ತು. ಈ ಸಲ ತಮ್ಮನನ್ನು ಕರೆಯದೆ ಒಬ್ಬಳೇ ಓಡಾಡಿದಳು. ಪ್ರತಿ ಮನೆಯಲ್ಲೂ "ಒಂದು ಗಳಿಗೆ ಕೂರ್ತೀನಿ" ಎಂದು ಅಡುಗೆಮನೆಯ ನೆಲದ ಮೇಲೆ ಕಣ್ಣು ಮುಚ್ಚಿ ಕೂರುವಳು. ಕೆಲವು ಮಾಲೀಕರು ಇವಳಿಗೆ ತಲೆ ಸರಿ ಇಲ್ಲವೆಂದುಕೊಂಡರು.

ಹೀಗೆ ಕೂತಿದ್ದಾಗಲೇ ಒಂದು ಹಳೇ ಮನೆಯಲ್ಲಿ ಕಿಟಕಿಯಾಚೆ ಎಲೆಗಳ ಮೇಲೆ ನೀರು ಬೀಳುವ ಸದ್ದು ಕೇಳಿಸಿತು. ಪಕ್ಕದಲ್ಲಿ ಗಿಡ ಮಾರುವ ನರ್ಸರಿ. ಅದರ ಒಡತಿ ಪೈಪು ಹಿಡಿದು ಗಿಡಗಳನ್ನೇ ಗದರುತ್ತಿದ್ದಳು: "ನಿನಗೆ ನಿನ್ನೇನೂ ಕೊಟ್ಟೆ, ಮೊನ್ನೇನೂ ಕೊಟ್ಟೆ, ಮೊಗ್ಗು ಮಾತ್ರ ಬಿಡಬೇಡ ನೀನು!" ಜನ ಬರುತ್ತಿದ್ದರು, ಬೆಲೆ ಕೇಳುತ್ತಿದ್ದರು, ಹೋಗುತ್ತಿದ್ದರು. ಜೀರುಂಡೆ ಇತ್ತು, ಆದರೆ ಆ ಸದ್ದುಗಳ ಹಿಂದೆಲ್ಲೋ ಮಂಕಾಗಿತ್ತು. ಹಲೋ ಅಕ್ಕ ಅಲ್ಲಿ ಕೂತಲ್ಲೇ ಮನೆ ಒಪ್ಪಿಕೊಂಡಳು.

ತಮ್ಮ ಬಂದು ನೋಡಿ ತಲೆ ಚಚ್ಚಿಕೊಂಡ. "ಗೋಡೆ ತೆಳು, ಪಕ್ಕದಲ್ಲಿ ಬಾಯಿಬಡುಕಿ. ಡಾಕ್ಟರು ಏನಂದ್ರು, ನೀನೇನು ಮಾಡಿದೆ?"

"ನಾನು ನಿನ್ನ ಜೊತೆ ಬೆಳೆದವಳು ಕಣೋ" ಅಂದಳು ಅಕ್ಕ. "ಮಾತಿಲ್ಲದ ಮನೇಲಿ ನನಗೆ ಉಸಿರು ಕಟ್ಟುತ್ತೆ."

ನಿದ್ದೆ ಮರಳಿತು, ರಕ್ತದೊತ್ತಡವೂ ಹದಕ್ಕೆ ಬಂತು. ಜೀರುಂಡೆ ಬಿಟ್ಟು ಹೋಗಲಿಲ್ಲ. ಬಾಡಿಗೆ ಕೊಡದೆ ಬಿದ್ದಿರುವ ನೆಂಟ ಎಂದು ಅವಳು ಅದನ್ನು ಬೈದುಕೊಂಡು ಸುಮ್ಮನಾಗುವಳು. ಬೇಸಿಗೆಯ ಸಂಜೆಗಳಲ್ಲಿ ನರ್ಸರಿಯವಳಿಗೆ ಗಿರಾಕಿಗಳ ಕಾಟ ಹೆಚ್ಚು. ಆಗ ಬೇಲಿಯಾಚೆಯಿಂದ "ಅಕ್ಕಾ, ಸ್ವಲ್ಪ ಈ ಪೈಪು ಹಿಡೀತೀರಾ?" ಎಂದು ಕೂಗುವಳು. ಹಲೋ ಅಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟರೆ, ಕತ್ತಲಾಗುವವರೆಗೂ ಗಿಡಗಳಿಗೆ ನೀರು ಬಿಡುತ್ತ, ತಾಯಿ ನಗಿಸುತ್ತಿದ್ದ ಬಗೆಯನ್ನೂ ಎಕ್ಸ್‌ಚೇಂಜಿನ ಗೆಳತಿಯ ಅಣಕನ್ನೂ ನರ್ಸರಿಯವಳಿಗೆ ಹೇಳುತ್ತಲೇ ಇರುತ್ತಿದ್ದಳು.